ಡೇಟಾಬೇಸ್ ಖಾತೆ ಪದೇ ಪದೇ ಲಾಕ್ ಆಗ್ತಿದೆಯಾ? ಹಳೇ ಕೀಲಿ ಇಟ್ಟುಕೊಂಡವರನ್ನು ಹುಡುಕಿ

ಬೆಳಿಗ್ಗೆ ಒಂಬತ್ತೂವರೆಗೆ ಫೋನು. ‘ಸರ್, ಎಸ್‌ಕ್ಯುಎಲ್ ಸರ್ವೀಸ್ ಅಕೌಂಟ್ ಮತ್ತೆ ಲಾಕ್ ಆಗಿದೆ.’ ನಮ್ಮ ಎಸ್‌ಕ್ಯುಎಲ್ ಸರ್ವರ್ ಡೇಟಾಬೇಸ್ ಓಡುವುದೇ ಆ ವಿಂಡೋಸ್ ಖಾತೆಯ ಹೆಸರಿನಲ್ಲಿ. ಅನ್‌ಲಾಕ್ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಲಾಕ್. ಒಂದು ವಾರ ಹೀಗೇ ಕಳೆದೆವು. ಎಲ್ಲೋ ಒಂದು ಮಶೀನು ತಪ್ಪು ಪಾಸ್‌ವರ್ಡ್ ಹಿಡಿದು ಬಾಗಿಲು ತಟ್ಟುತ್ತಲೇ ಇರುತ್ತದೆ, ತಪ್ಪಿನ ಲೆಕ್ಕ ಮಿತಿ ಮುಟ್ಟಿದೊಡನೆ ಖಾತೆ ಲಾಕ್ ಆಗುತ್ತದೆ. ಅದು ಸಿಗುವ ತನಕ ಅನ್‌ಲಾಕ್ ಮಾಡಿ ಪ್ರಯೋಜನವಿಲ್ಲ.

ಮೊದಲೇ ಒಂದು ಎಚ್ಚರಿಕೆ. ಖಾತೆ ಲಾಕ್ ಆದರೂ ಡೇಟಾಬೇಸ್ ಓಡುತ್ತಲೇ ಇರುತ್ತದೆ, ಯಾಕೆಂದರೆ ಸರ್ವೀಸ್ ಶುರುವಾದಾಗಲೇ ಅದರ ಲಾಗಿನ್ ಮುಗಿದಿದೆ. ‘ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡೋಣ’ ಎಂದಿರೋ, ಲಾಗಿನ್ ಆಗಲಿಲ್ಲ ಎಂಬ 1069 ಎರರ್ ಬಂದು ಸರ್ವೀಸ್ ಮೇಲೇಳುವುದೇ ಇಲ್ಲ. ಆ ಆಸೆ ಬೇಡ.

ಈಗ ಹುಡುಕಾಟ. ಸಂಸ್ಥೆಯ ವಿಂಡೋಸ್ ಖಾತೆಗಳನ್ನೆಲ್ಲ ಇಟ್ಟುಕೊಳ್ಳುವ ಆಕ್ಟಿವ್ ಡೈರೆಕ್ಟರಿಯಲ್ಲಿ ಎಷ್ಟೇ ಡೊಮೇನ್ ಕಂಟ್ರೋಲರ್ (ಪಾಸ್‌ವರ್ಡ್ ಪರಿಶೀಲಿಸುವ ಸರ್ವರ್) ಇದ್ದರೂ ಲಾಕ್‌ಔಟ್ ಸುದ್ದಿ ಪಿಡಿಸಿ ಎಮ್ಯುಲೇಟರ್ ಎಂಬ ಒಂದಕ್ಕೆ ತಲುಪುತ್ತದೆ. ಅದು ಯಾವುದೆಂದು ಗೊತ್ತಿಲ್ಲದಿದ್ದರೆ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಡಾಮ್ ಕ್ವೆರಿ ಎಫ್‌ಎಸ್‌ಎಂಒ’ (netdom query fsmo) ಕೊಡಿ. ಅದರ ಸೆಕ್ಯುರಿಟಿ ಲಾಗ್ ತೆರೆದು 4740 ಈವೆಂಟಿಗೆ, ಅಂದರೆ ಖಾತೆ ಲಾಕ್ ಆದ ದಾಖಲೆಗೆ, ಫಿಲ್ಟರ್ ಹಾಕಿ. ‘ಕಾಲರ್ ಕಂಪ್ಯೂಟರ್ ನೇಮ್’ ಎದುರು ಇರುವ ಹೆಸರೇ ನಿಮಗೆ ಬೇಕಾದದ್ದು. ಕೆಲವೊಮ್ಮೆ ಅದು ಖಾಲಿ ಇರುತ್ತದೆ. ಆಗ ಅದೇ ಸಮಯದ 4771 ಈವೆಂಟ್ ನೋಡಿ, ಐಪಿ ವಿಳಾಸ ಸಿಗುತ್ತದೆ. 4776ರಲ್ಲಿ ಮಶೀನಿನ ಹೆಸರು ಸಿಗಬಹುದು.

ಹೆಸರು ಸಿಕ್ಕಿತಾ? ಆ ಮಶೀನಿಗೆ ಹೋಗಿ 4625, ಅಂದರೆ ವಿಫಲವಾದ ಲಾಗಿನ್ನಿನ ದಾಖಲೆ, ಹುಡುಕಿ. ಅಲ್ಲಿರುವ ಲಾಗಾನ್ ಟೈಪ್ ಅರ್ಧ ಕಥೆ ಹೇಳುತ್ತದೆ: 5 ಇದ್ದರೆ ಸರ್ವೀಸ್, 4 ಇದ್ದರೆ ಶೆಡ್ಯೂಲ್ಡ್ ಟಾಸ್ಕ್, 3 ಇದ್ದರೆ ನೆಟ್‌ವರ್ಕ್ ಮೂಲಕ ಬಂದದ್ದು. 4625 ಕಾಣದಿದ್ದರೆ 4648 ನೋಡಿ. ಬೇರೆ ಖಾತೆಯ ಪಾಸ್‌ವರ್ಡ್ ಕೊಟ್ಟು ಲಾಗಿನ್‌ಗೆ ಯತ್ನಿಸಿದ ಪ್ರೊಸೆಸ್ಸಿನ ಹೆಸರು ಅದರಲ್ಲಿರುತ್ತದೆ.

ನಮಗೆ ಸಿಕ್ಕಿದ್ದು ಹಾಗೇ. ಯಾರೂ ಮುಟ್ಟದೆ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಟೆಸ್ಟ್ ಸರ್ವರ್. ಅದರಲ್ಲೊಂದು ಬ್ಯಾಚ್ ಫೈಲ್, ಅದರಲ್ಲೊಂದು ‘ನೆಟ್ ಯೂಸ್’ ಸಾಲು (ಬೇರೆ ಮಶೀನಿನ ಫೋಲ್ಡರಿಗೆ ಸಂಪರ್ಕ ಕೊಡುವ ಕಮಾಂಡ್), ಅದರ ಕೊನೆಯಲ್ಲಿ ಯಾವ ಕಾಲದ್ದೋ ಪಾಸ್‌ವರ್ಡ್, ಎಲ್ಲರಿಗೂ ಕಾಣುವ ಹಾಗೆ! ಬ್ಯಾಕಪ್ ಕಾಪಿ ಮಾಡಲು ಯಾರೋ ಬರೆದಿಟ್ಟು ಮರೆತದ್ದು.

ಹಿಂದೆ ಪಾಸ್‌ವರ್ಡ್ ಬದಲಿಸಿದಾಗ ಯಾಕೆ ಲಾಕ್ ಆಗಿರಲಿಲ್ಲ ಎಂಬ ಪ್ರಶ್ನೆ ನನ್ನನ್ನು ಜಾಸ್ತಿ ಕಾಡಿತ್ತು. ಉತ್ತರ ವಿಂಡೋಸಿನಲ್ಲೇ ಇದೆ. ಪಾಸ್‌ವರ್ಡ್ ಹಿಸ್ಟರಿಯ (ಹಿಂದೆ ಬಳಸಿದ ಪಾಸ್‌ವರ್ಡ್‌ಗಳ ದಾಖಲೆ) ಕೊನೆಯ ಎರಡು ಪಾಸ್‌ವರ್ಡ್‌ಗಳಲ್ಲಿ ಒಂದನ್ನು ಕೊಟ್ಟರೆ ಒಳಗೆ ಬಿಡುವುದಿಲ್ಲ, ಆದರೆ ತಪ್ಪು ಎಂದು ಲೆಕ್ಕಕ್ಕೂ ಹಿಡಿಯುವುದಿಲ್ಲ. ಅದಕ್ಕಿಂತ ಹಳೆಯದಾದರೆ ಮಾತ್ರ ಲೆಕ್ಕ ಏರುತ್ತದೆ. ಹಾಗಾಗಿ ‘ನಿನ್ನೆ ಏನು ಬದಲಾಯಿತು’ ಎಂದಷ್ಟೇ ಕೇಳಿದರೆ ದಾರಿ ತಪ್ಪುತ್ತೀರಿ.

ಹಳೇ ಪಾಸ್‌ವರ್ಡ್ ಇನ್ನೆಲ್ಲಿ ಅಡಗಿರಬಹುದು? ರಿಪೋರ್ಟಿಂಗ್ ಸರ್ವೀಸಸ್‌ನ ಡೇಟಾ ಸೋರ್ಸ್, ಎಸ್‌ಕ್ಯುಎಲ್ ಏಜೆಂಟಿನ ಪ್ರಾಕ್ಸಿ, ವಿಂಡೋಸಿನ ವೆಬ್ ಸರ್ವರ್ ಐಐಎಸ್‌ನ ಅಪ್ಲಿಕೇಶನ್ ಪೂಲ್, ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್. ದಿನಾ ಒಂದೇ ಹೊತ್ತಿಗೆ ಲಾಕ್ ಆಗುತ್ತಿದ್ದರೆ ಮೊದಲು ಟಾಸ್ಕ್ ಶೆಡ್ಯೂಲರ್ ನೋಡಿ.

ಡೇಟಾಬೇಸ್ ಸರ್ವೀಸಿನ ಪಾಸ್‌ವರ್ಡನ್ನೇ ಸರಿಪಡಿಸಬೇಕಾದರೆ ವಿಂಡೋಸಿನ ಸರ್ವೀಸಸ್ ಪಟ್ಟಿಯಲ್ಲಿ ಮಾಡಬೇಡಿ, ಎಸ್‌ಕ್ಯುಎಲ್ ಸರ್ವರ್ ಕಾನ್ಫಿಗರೇಶನ್ ಮ್ಯಾನೇಜರಿನಲ್ಲಿ ಮಾಡಿ. ಪಾಸ್‌ವರ್ಡ್ ಮಾತ್ರ ಬದಲಾದರೆ ಡೇಟಾಬೇಸ್ ರೀಸ್ಟಾರ್ಟ್ ಬೇಕಿಲ್ಲ.

ಈ ತಲೆನೋವೇ ಬೇಡ ಎನ್ನುವವರಿಗೆ ಗ್ರೂಪ್ ಮ್ಯಾನೇಜ್ಡ್ ಸರ್ವೀಸ್ ಅಕೌಂಟ್ ಇದೆ. ವಿಂಡೋಸ್ ಸರ್ವರ್ 2012ರಲ್ಲಿ ಬಂದದ್ದು. ಪಾಸ್‌ವರ್ಡ್ ಮನುಷ್ಯರ ಕೈಗೇ ಸಿಗುವುದಿಲ್ಲ, 30 ದಿನಕ್ಕೊಮ್ಮೆ ತಾನೇ ಬದಲಾಗುತ್ತದೆ. ಕೈಗೇ ಸಿಗದ ಮೇಲೆ ಬ್ಯಾಚ್ ಫೈಲಿನಲ್ಲಿ ಬರೆದಿಡುವುದಾದರೂ ಹೇಗೆ, ಅಲ್ವಾ?