ಪಿಯುಸಿನೂ ಬೇಕು, ಗ್ರೌಂಡೂ ಬೇಕು ಅನ್ನೋರಿಗೆ

ಹಾಸನದ ಕಡೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಕೂಡ್ಲೇ ಮನೇಲಿ ಶುರುವಾಗೋ ಮಾತು ‘ಆಡಿದ್ದು ಸಾಕು, ಇನ್ನು ಓದ್ಕೋ’ ಅಂತ. ಎರಡೂ ಆಗುತ್ತೆ ಕಣ್ರೀ, ಆದ್ರೆ ಕಾಲೇಜು ಸೇರೋವಾಗ್ಲೇ ಲೆಕ್ಕ ಹಾಕ್ಬೇಕು.

ಮೊದ್ಲು ಕಾಂಬಿನೇಷನ್. ಸೈನ್ಸ್ ಅಂದ್ರೆ ಲ್ಯಾಬು, ರೆಕಾರ್ಡು, ಅದರ ಮೇಲೆ ಸಿಇಟಿ-ನೀಟ್ ಟ್ಯೂಷನ್ನು, ಸಂಜೆ ಪ್ರಾಕ್ಟೀಸ್‌ಗೆ ಟೈಮೇ ಉಳಿಯಲ್ಲ. ಕಾಮರ್ಸ್, ಆರ್ಟ್ಸ್ ಆದ್ರೆ ಸ್ವಲ್ಪ ಆರಾಮ. ಹಾಗಂತ ಸೈನ್ಸ್ ಬೇಡ್ವೇ ಬೇಡ ಅಂತಲ್ಲ, ಜಾವಗಲ್ ಶ್ರೀನಾಥ್ ಇಂಜಿನಿಯರಿಂಗ್ ಮಾಡ್ದೋರೇ ತಾನೆ.

ಆಮೇಲೆ ಅಟೆಂಡೆನ್ಸ್. ಆಡೋ ಮಕ್ಕಳು ಸಿಕ್ಕಿಹಾಕ್ಕೊಳ್ಳೋದು ಇಲ್ಲೇ, ಮಾರ್ಕ್ಸ್‌ನಲ್ಲಲ್ಲ. ಶೇ 75 ಇಲ್ಲಾಂದ್ರೆ ಪರೀಕ್ಷೆಗೆ ಕೂರ್ಸಲ್ಲ. ಮ್ಯಾಚಿಗೆ ಹೊರಡೋಕೆ ಮೊದ್ಲೇ ಪಿಡಿ ಸರ್ (ಕಾಲೇಜಿನ ದೈಹಿಕ ಶಿಕ್ಷಣದ ಮೇಷ್ಟ್ರು) ಹತ್ರ ಓಡಿ ಲೆಟರ್ ಬರೆಸ್ಕೊಳ್ಳಿ, ಅದ್ರಲ್ಲಿ ಯಾವ ಟೂರ್ನಮೆಂಟು, ಯಾವ ತಾರೀಖಿಂದ ಯಾವ ತಾರೀಖು, ಪ್ರಿನ್ಸಿಪಾಲರ ಸೈನು, ಸೀಲು ಎಲ್ಲಾ ಇರ್ಲಿ, ವಾಪಸ್ ಬಂದ್ಮೇಲೆ ಪಾರ್ಟಿಸಿಪೇಷನ್ ಸರ್ಟಿಫಿಕೇಟ್ ಜೆರಾಕ್ಸ್ ಜೊತೆ ಆಫೀಸಿಗೆ ಕೊಟ್ಟು ನಿಮ್ಮ ಕಾಪಿ ಮೇಲೂ ‘ಸ್ವೀಕರಿಸಲಾಗಿದೆ’ ಅಂತ ಹಾಕಿಸ್ಕೊಳ್ಳಿ. ‘ಆಟಕ್ಕೆ ಹೋಗಿದ್ದೆ ಸಾರ್’ ಅಂತ ಫೆಬ್ರವರಿಲಿ ಬಾಯಿಮಾತಲ್ಲಿ ಹೇಳಿದ್ರೆ ಯಾರೂ ಕೇಳಲ್ಲ. ಯಾವ ಸಬ್ಜೆಕ್ಟ್ ಎಷ್ಟು ಕ್ಲಾಸ್ ಹೋಯ್ತು ಅಂತ ನೋಟ್‌ಬುಕ್ಕಿನ ಹಿಂದಿನ ಪೇಜಲ್ಲಿ ನೀವೂ ಬರ್ಕೊಳ್ತಾ ಇರಿ. ಲ್ಯಾಬ್ ಇಲ್ಲದ ಸಬ್ಜೆಕ್ಟ್‌ಗಳಲ್ಲಿ 20 ಮಾರ್ಕ್ಸ್ ಇಂಟರ್ನಲ್, ಅದಕ್ಕೆ ಮಾಡೋ ಪ್ರಾಜೆಕ್ಟನ್ನ ತಾಲ್ಲೂಕು-ಜಿಲ್ಲಾ ಮ್ಯಾಚ್‌ಗಳು ಶುರುವಾಗೋಕೆ ಮುಂಚೆ ಮುಗಿಸಿಬಿಡಿ.

ದಿನದ ವಿಷ್ಯ. ಹಾಸನಾಂಬ ಸ್ಟೇಡಿಯಮ್‌ನಲ್ಲಿ ಬೆಳಗಿನ ಜಾವ ಮಂಜಲ್ಲಿ ಓಡೋರು ರಾತ್ರಿ ಹನ್ನೊಂದರ ತನಕ ಮೊಬೈಲ್ ಹಿಡ್ಕೊಂಡ್ರೆ ಫಸ್ಟ್ ಪೀರಿಯಡ್‌ನಲ್ಲೇ ತೂಕಡಿಕೆ, ಒಂಬತ್ತೂವರೆಗೆ ಮಲಗಿ. ಪ್ರಾಕ್ಟೀಸ್ ಮುಗಿಸಿ ಖಾಲಿ ಹೊಟ್ಟೇಲಿ ಕಾಲೇಜಿಗೆ ಓಡ್ಬೇಡಿ, ಬ್ಯಾಗಲ್ಲಿ ಎರಡು ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಇರ್ಲಿ. ಬೇಲೂರು, ಆಲೂರಿಂದ ಬರೋರು ಬಸ್ಸಲ್ಲಿ ಸೀಟ್ ಸಿಕ್ಕಿದ್ರೆ ಹಿಂದಿನ ದಿನದ ನೋಟ್ಸ್ ಕಣ್ಣಾಡಿಸ್ಬೋದು, ಸಿಗ್ದಿದ್ರೆ ಬಿಡಿ.

ಮಾರ್ಚ್ ಹೊತ್ತಿಗೇ ದೊಡ್ಡ ಮ್ಯಾಚ್ ಬಿತ್ತು ಅಂತ ಗಾಬರಿ ಬೇಡ. 2024ರಲ್ಲಿ ಸೆಕೆಂಡ್ ಪಿಯುಗೆ ಪರೀಕ್ಷೆ 1, 2, 3 ಅಂತ ಮೂರಿತ್ತು, 2026ರಿಂದ 1, 2 ಅಂತ ಎರಡಿದೆ, ಜಾಸ್ತಿ ಬಂದ ಮಾರ್ಕ್ಸೇ ಲೆಕ್ಕ. ಆದ್ರೂ ಮೊದಲ್ನೇದನ್ನ ಬಿಡ್ಬೇಡಿ, ಎರಡನೇದಕ್ಕೆ ಅಂತ ಮತ್ತೆ ಪುಸ್ತಕ ಹಿಡ್ಕೊಂಡು ಕೂತ್ರೆ ಪ್ರಾಕ್ಟೀಸ್ ತಪ್ಪಿ ಫಿಟ್‌ನೆಸ್ಸೇ ಹೋಗುತ್ತೆ.

ಸರ್ಟಿಫಿಕೇಟ್‌ಗಳನ್ನ ಒಂದು ಫೈಲಲ್ಲಿ ಇಡಿ, ಲ್ಯಾಮಿನೇಷನ್ ಬೇಡ. ಮುಂದೆ ಸಿಇಟಿಲಿ ಸ್ಪೋರ್ಟ್ಸ್ ಕೋಟಾ ಕೇಳೋವಾಗ ಒರಿಜಿನಲ್ಲೇ ತೋರಿಸ್ಬೇಕು.