ದಿಂಬು ಎಲ್ಲಿ ಹೋಯಿತು? ಮಾರ್ಕನ ಸುವಾರ್ತೆ ಓದಿಸಿದ ನನ್ನ ಅನುಭವ

ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಪುಸ್ತಕಗಳಿಗೆ ಸುವಾರ್ತೆ ಅನ್ನುತ್ತಾರೆ. ಅವುಗಳಲ್ಲಿ ಒಂದಾದ ಮಾರ್ಕನ ಸುವಾರ್ತೆಯಲ್ಲಿ ಇರುವುದು 16 ಅಧ್ಯಾಯ. ಗಟ್ಟಿಯಾಗಿ ಓದಿದರೂ ಒಂದೂವರೆ, ಎರಡು ಗಂಟೆಯಲ್ಲಿ ಮುಗಿಯುತ್ತದೆ. ಆದರೆ ನಮ್ಮಲ್ಲಿ ಹಾಗೆ ಓದಿದವರು ಕಡಿಮೆ. ಭಾನುವಾರಕ್ಕೊಂದು ತುಣುಕು ಕೇಳಿರುತ್ತೇವೆ, ಅಷ್ಟೇ. ನಮ್ಮ ಚರ್ಚಿನ ಸಭೆಯ ಸತ್ಯವೇದ (ಬೈಬಲ್) ಪಾಠಕ್ಕೆ ಈ ಸುವಾರ್ತೆ ತೆಗೆದುಕೊಂಡಾಗ ನಾನು ಒಂದು ನಿಯಮ ಹಾಕಿಕೊಂಡೆ. ಮಿಕ್ಕ ಮೂರು ಸುವಾರ್ತೆಗಳ ಮತ್ತಾಯ, ಲೂಕ, ಯೋಹಾನ ಹೇಳಿದ್ದನ್ನು ತಂದು ಮಾರ್ಕನ ಬಾಯಿಗೆ ತುರುಕಬಾರದು.

ಇದು ಕಷ್ಟದ ನಿಯಮ. ಮಾರ್ಕನಲ್ಲಿ ಕ್ರಿಸ್ಮಸ್ ಇಲ್ಲ. ಗೋದಲಿ ಇಲ್ಲ, ಕುರುಬರಿಲ್ಲ, ಜೋಯಿಸರಿಲ್ಲ. ಮರಿಯಳ ಗಂಡ ಯೋಸೇಫನ ಹೆಸರೇ ಬರುವುದಿಲ್ಲ. ಯೇಸು ಮೊದಲು ಕಾಣಿಸಿಕೊಳ್ಳುವುದೇ ದೊಡ್ಡವನಾಗಿ, ಯೊರ್ದನ್ ಹೊಳೆಯ ಹತ್ತಿರ. ಪಾಠಕ್ಕೆ ಬಂದವರು ಮತ್ತೆ ಮತ್ತೆ "ಅದು ಇದೆಯಲ್ಲ" ಅನ್ನುತ್ತಿದ್ದರು. "ಎಲ್ಲಿದೆ, ತೋರಿಸಿ" ಅನ್ನುವುದೇ ನನ್ನ ಕೆಲಸವಾಯಿತು.

ಆಮೇಲೆ ದೊಡ್ಡ ಹಾಳೆಯ ಮೇಲೆ ಮೂರು ಕಾಲಂ ಹಾಕಿದೆ: ಮಾರ್ಕ, ಮತ್ತಾಯ, ಲೂಕ. ಮೂವರೂ ಹೇಳುವ ಒಂದೊಂದು ಪ್ರಸಂಗ ಎತ್ತಿಕೊಂಡು, ಮೂರರಲ್ಲೂ ಇರುವುದಕ್ಕೆ ಹಸಿರು ಪೆನ್ಸಿಲ್, ಮಾರ್ಕನಲ್ಲಿ ಮಾತ್ರ ಇರುವುದಕ್ಕೆ ಕೆಂಪು. ಬಿರುಗಾಳಿಯ ಪ್ರಸಂಗ ನೋಡಿ. ಮಾರ್ಕನ 4ನೇ ಅಧ್ಯಾಯದಲ್ಲಿ ಯೇಸು ದೋಣಿಯ ಹಿಂಭಾಗದಲ್ಲಿ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಮಿಕ್ಕ ಇಬ್ಬರಲ್ಲೂ ನಿದ್ದೆ ಇದೆ, ದಿಂಬು ಇಲ್ಲ. ಮಾರ್ಕನಲ್ಲಿ ಶಿಷ್ಯರು ಎಬ್ಬಿಸುವ ರೀತಿ ಒರಟು: ಗುರುವೇ, ನಾವು ಸಾಯ್ತಾ ಇದ್ದರೂ ನಿನಗೆ ಚಿಂತೆಯಿಲ್ಲವೇ? ಮತ್ತಾಯನಲ್ಲಿ ಅದು ಪ್ರಾರ್ಥನೆಯಾಗಿದೆ: ಕರ್ತನೇ, ಕಾಪಾಡು. ಸ್ವಂತ ಊರಿನ ಪ್ರಸಂಗವೂ ಹಾಗೇ. ಅಲ್ಲಿ ಕೆಲವು ರೋಗಿಗಳನ್ನು ವಾಸಿಮಾಡಿದ್ದು ಬಿಟ್ಟರೆ ಯೇಸು ಏನೂ ಮಹತ್ಕಾರ್ಯ ಮಾಡಲಾರದೆ ಹೋದ ಅಂತ ಮಾರ್ಕ ಬರೆಯುತ್ತಾನೆ. ಮತ್ತಾಯ ಹೆಚ್ಚು ಮಾಡಲಿಲ್ಲ ಅಂತ ಬರೆಯುತ್ತಾನೆ. ಯೇಸುವಿಗೆ ಹುಚ್ಚು ಹಿಡಿದಿದೆ ಅಂತ ಮನೆಯವರೇ ಹಿಡಿದು ತರಲು ಹೊರಡುವುದು ಮಾರ್ಕನ 3ನೇ ಅಧ್ಯಾಯದಲ್ಲಿ ಮಾತ್ರ.

ಇಷ್ಟು ಬಣ್ಣ ಹಚ್ಚಿದ ಮೇಲೆ ಯಾರು ಮೊದಲು ಬರೆದರು ಅನ್ನುವ ಪ್ರಶ್ನೆಯನ್ನು ನಾನು ಎತ್ತಬೇಕಾಗಲೇ ಇಲ್ಲ. ಅವರೇ ಕೇಳಿದರು. ಮಾರ್ಕ ಮತ್ತಾಯನನ್ನು ಚುಟುಕಾಗಿಸಿದ ಅಂತ ಹಳೆಯ ಕಾಲದ ಕ್ರೈಸ್ತ ಪಂಡಿತ ಅಗಸ್ಟೀನನ ಕಾಲದಿಂದ ನಂಬಿಕೆಯಿತ್ತು. 19ನೇ ಶತಮಾನದಲ್ಲಿ ಅದು ತಲೆಕೆಳಗಾಯಿತು. ಮಾರ್ಕನ ಹೆಚ್ಚುಕಡಿಮೆ ಶೇ. 90ರಷ್ಟು ವಿಷಯ ಮತ್ತಾಯನಲ್ಲಿದೆ. ಚುಟುಕು ಮಾಡುವವನು ಕಥೆಗಳನ್ನು ಗಿಡ್ಡ ಮಾಡಬೇಕು, ಅಲ್ವಾ? ಆದರೆ ಯೇಸು ಬದುಕಿಸಿದ ಯಾಯಿರನ ಮಗಳ ಕಥೆ ಮಾರ್ಕನಲ್ಲಿ 23 ವಚನ, ಮತ್ತಾಯನಲ್ಲಿ 9. ಒರಟು ಮಾತನ್ನು ನಯ ಮಾಡುವವರು ಇರುತ್ತಾರೆ, ನಯವಾದದ್ದನ್ನು ಒರಟು ಮಾಡುವವರು ಅಪರೂಪ. ಮಾರ್ಕನೇ ಮೊದಲು ಅಂತ ಹೆಚ್ಚಿನ ವಿದ್ವಾಂಸರು ಹೇಳುವುದು ಇಂಥ ಕಾರಣಗಳಿಂದ. ನನಗೂ ಅದೇ ಸರಿ ಅನಿಸಿತು.

ಈ ಮಾರ್ಕ ಯಾರು? ಪುಸ್ತಕದೊಳಗೆ ಬರೆದವನ ಹೆಸರಿಲ್ಲ, ತಲೆಬರಹ ಆಮೇಲೆ ಸೇರಿದ್ದು. ಹಿಯೆರಪೊಲಿಯ ಬಿಷಪ್ ಪಪಿಯಾಸ್ 2ನೇ ಶತಮಾನದ ಮೊದಲ ಭಾಗದಲ್ಲಿ ಒಂದು ಮಾತು ಬರೆದ: ಮಾರ್ಕ ಯೇಸುವಿನ ಶಿಷ್ಯ ಪೇತ್ರನ ದುಭಾಷಿ, ನೆನಪಿದ್ದಷ್ಟನ್ನು ಸರಿಯಾಗಿ ಬರೆದ, ಆದರೆ ಅನುಕ್ರಮದಲ್ಲಿ ಅಲ್ಲ. ಪಪಿಯಾಸನ ಪುಸ್ತಕ ಕಳೆದುಹೋಗಿದೆ. 4ನೇ ಶತಮಾನದಲ್ಲಿ ಕ್ರೈಸ್ತ ಸಭೆಯ ಇತಿಹಾಸ ಬರೆದ ಯುಸೇಬಿಯಸ್ ಎತ್ತಿ ಬರೆದದ್ದರಿಂದ ಆ ಮಾತು ನಮಗೆ ಸಿಕ್ಕಿದೆ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಅನ್ನುವ ಪುಸ್ತಕದಲ್ಲಿ ಬರುವ ಮಾರ್ಕನೆಂಬ ಯೋಹಾನನೇ ಇವನು ಅಂತ ಸಂಪ್ರದಾಯ. ಸುಳ್ಳು ಹೆಸರು ಅಂಟಿಸುವುದಾದರೆ ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬನದನ್ನೇ ಅಂಟಿಸುತ್ತಿದ್ದರು ಅನ್ನುವುದು ಪರವಾದ ವಾದ. ರೋಮನ್ನರಲ್ಲಿ ಮಾರ್ಕ ಅನ್ನುವ ಹೆಸರು ಬೀದಿಗೊಂದು ಸಿಗುತ್ತಿತ್ತು ಅನ್ನುವುದು ವಿರುದ್ಧವಾದ ವಾದ.

ಇದನ್ನು ಹೇಳಿದ ದಿನ ಒಬ್ಬ ಹಿರಿಯರು ಎದ್ದು ನಿಂತರು. "ಹಂಗಾದ್ರ ಇದು ದೇವರ ವಾಕ್ಯ ಅಲ್ಲೇನ್ರಿ?"

"ಹಂಗಲ್ರಿ ಅಜ್ಜಾರ, ಬರೆದವ ತನ್ನ ಹೆಸರು ಹೇಳಿಲ್ಲ, ಅಷ್ಟ ನಾ ಹೇಳಿದ್ದು" ಅಂದೆ. ಅವರು ಕೂತರು, ಆದರೆ ಮುಖ ಬಿಗಿದೇ ಇತ್ತು.

ಹೆಸರಿಗಿಂತ ಯಾರಿಗಾಗಿ ಬರೆದ ಅನ್ನುವುದು ನಮಗೆ ಜಾಸ್ತಿ ಉಪಯೋಗಕ್ಕೆ ಬಂತು. 7ನೇ ಅಧ್ಯಾಯದಲ್ಲಿ ಯೆಹೂದ್ಯರು ಊಟಕ್ಕೆ ಮುಂಚೆ ಕೈ ತೊಳೆಯುವ ಪದ್ಧತಿಯನ್ನು ಬಿಡಿಸಿ ಹೇಳುತ್ತಾನೆ. ಯೆಹೂದ್ಯರಿಗೆ ಅದನ್ನು ಹೇಳುವ ಅಗತ್ಯವೇ ಇಲ್ಲ. 12ನೇ ಅಧ್ಯಾಯದಲ್ಲಿ ಬಡ ವಿಧವೆ ಹಾಕಿದ ಎರಡು ಕಾಸಿನ ಬೆಲೆಯನ್ನು ರೋಮನ್ ನಾಣ್ಯದಲ್ಲಿ ತಿಳಿಸುತ್ತಾನೆ. ರೋಮಿನಲ್ಲಿ ಬರೆದದ್ದು ಅನ್ನುವವರು ಇದನ್ನು ಹಿಡಿದುಕೊಳ್ಳುತ್ತಾರೆ, ಸಿರಿಯಾ ಅನ್ನುವವರೂ ಇದ್ದಾರೆ. ಕಾಲದ ವಿಚಾರಕ್ಕೆ 13ನೇ ಅಧ್ಯಾಯ ಬೇಕು. ಅಲ್ಲಿ ದೇವಾಲಯದ ಕಲ್ಲಿನ ಮೇಲೆ ಕಲ್ಲು ಉಳಿಯುವುದಿಲ್ಲ ಅಂತ ಯೇಸು ಹೇಳುತ್ತಾನೆ. ರೋಮನ್ ಸೈನ್ಯ ಯೆರೂಸಲೇಮನ್ನು ಹಾಳುಮಾಡಿದ್ದು ಕ್ರಿ.ಶ. 70ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬರೆದನೋ, ಸ್ವಲ್ಪ ಆಮೇಲೋ, ಜಗಳ ಅಲ್ಲೇ ಇದೆ. ಅದೇ ಅಧ್ಯಾಯದ ನಡುವೆ ಮಾರ್ಕ ಇದ್ದಕ್ಕಿದ್ದಂತೆ ಓದುವವನು ತಿಳಿದುಕೊಳ್ಳಲಿ ಅನ್ನುತ್ತಾನೆ. ಸುತ್ತ ನಡೆಯುತ್ತಿದ್ದ ಗಲಾಟೆ ಅವನ ಓದುಗರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ನನಗೆ ತುಂಬ ಹಿಡಿಸಿದ್ದು 8ರಿಂದ 10ನೇ ಅಧ್ಯಾಯದವರೆಗೆ ಕಥೆ ಕಟ್ಟಿದ ರೀತಿ. ಶುರುವಿನಲ್ಲಿ ಬೇತ್ಸಾಯಿದದ ಕುರುಡ, ಕೊನೆಯಲ್ಲಿ ಯೆರಿಕೋವಿನ ಬಾರ್ತಿಮಾಯ. ಮೊದಲನೆಯವನಿಗೆ ಕಣ್ಣು ಒಂದೇ ಸಲಕ್ಕೆ ಬರುವುದಿಲ್ಲ. ಮನುಷ್ಯರು ಮರಗಳ ಹಾಗೆ ನಡೆದಾಡುವುದು ಕಾಣುತ್ತದೆ ಅನ್ನುತ್ತಾನೆ, ಯೇಸು ಮತ್ತೆ ಕೈಯಿಡಬೇಕಾಗುತ್ತದೆ. ಈ ಇಬ್ಬರು ಕುರುಡರ ನಡುವೆ ಯೇಸು ತನ್ನ ಸಾವಿನ ಬಗ್ಗೆ ಮೂರು ಸಲ ಹೇಳುತ್ತಾನೆ, ಶಿಷ್ಯರಿಗೆ ಮೂರು ಸಲವೂ ತಲೆಗೆ ಹೋಗುವುದಿಲ್ಲ. ಪೇತ್ರ ಗದರಿಸಲು ಹೋಗಿ ಸೈತಾನ ಅನ್ನಿಸಿಕೊಳ್ಳುತ್ತಾನೆ. ಆಮೇಲೆ ಯಾರು ದೊಡ್ಡವರು ಅನ್ನುವ ವಾದ. ಆಮೇಲೆ ಯಾಕೋಬ, ಯೋಹಾನ ಅನ್ನುವ ಇಬ್ಬರು ಶಿಷ್ಯರಿಗೆ ಯೇಸುವಿನ ಬಲಗಡೆ ಎಡಗಡೆ ಕುರ್ಚಿ ಬೇಕು. ನಮ್ಮ ಕಮಿಟಿ ಎಲೆಕ್ಷನ್ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಯ ವಾರ 16ನೇ ಅಧ್ಯಾಯದ 8ನೇ ವಚನಕ್ಕೆ ಓದು ನಿಲ್ಲಿಸಿದೆ. ಹೆಂಗಸರು ಯೇಸುವಿನ ಸಮಾಧಿಯಿಂದ ಓಡಿಹೋದರು, ಹೆದರಿಕೆಯಿಂದ ಯಾರಿಗೂ ಏನೂ ಹೇಳಲಿಲ್ಲ. 4ನೇ ಶತಮಾನದ ಎರಡು ದೊಡ್ಡ ಹಸ್ತಪ್ರತಿಗಳು, ಸಿನಾಯ್ಟಿಕಸ್ ಮತ್ತು ವ್ಯಾಟಿಕಾನಸ್, ಅಲ್ಲಿಗೇ ಮುಗಿಯುತ್ತವೆ. ವ್ಯಾಟಿಕಾನಸ್‌ನಲ್ಲಂತೂ ಆಮೇಲೆ ಒಂದು ಕಾಲಂ ಪೂರ್ತಿ ಖಾಲಿ. ನಕಲು ಮಾಡಿದವನಿಗೆ ಇನ್ನೊಂದು ಮುಕ್ತಾಯ ಇರುವುದು ಗೊತ್ತಿತ್ತೇನೋ. 9ರಿಂದ 20ರ ವಚನಗಳನ್ನು ಮಾರ್ಕ ಬರೆದಿಲ್ಲ ಅಂತ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಆದರೆ ಅವೂ ಹಳೆಯವೇ, ಸುಮಾರು ಕ್ರಿ.ಶ. 180ರಲ್ಲಿ ಬಿಷಪ್ ಐರಿನೇಯಸ್ ಅದರಿಂದ ಒಂದು ವಚನ ಎತ್ತಿದ್ದಾನೆ. ಹಾವು ಹಿಡಿಯುವ ಮಾತು ಇರುವುದೂ ಅಲ್ಲೇ. ಅದನ್ನು ನಂಬಿ ಅಮೆರಿಕದ ಅಪಲಾಚಿಯಾ ಬೆಟ್ಟಗಳ ಕೆಲವು ಸಭೆಗಳಲ್ಲಿ ಆರಾಧನೆ ನಡೆಯುವಾಗ ನಿಜವಾಗಿಯೂ ವಿಷದ ಹಾವು ಎತ್ತುತ್ತಾರೆ.

ಮಾರ್ಕ ಬೇಕೆಂದೇ 8ಕ್ಕೆ ನಿಲ್ಲಿಸಿದ ಅಂತ ನನ್ನ ವಾದ. ಪುಸ್ತಕದ ಉದ್ದಕ್ಕೂ ಶಿಷ್ಯರು ಎಡವುತ್ತಾರೆ, ಹೆಂಗಸರು ಕೊನೆಯಲ್ಲಿ ಎಡವಿದರೆ ಆಶ್ಚರ್ಯವೇನಿಲ್ಲ. ಆ ಅಜ್ಜಾರಿಗೆ ಇದು ಸುತಾರಾಂ ಒಪ್ಪಿಗೆಯಿಲ್ಲ. "ಕಡೀ ಹಾಳಿ ಹರದು ಹೋಗೇದ್ರಿ" ಅನ್ನುತ್ತಾರೆ. ಹಾಗೆ ಹೇಳುವ ವಿದ್ವಾಂಸರೂ ಇದ್ದಾರೆ ಅಂತ ತಿಳಿಸಿದಾಗ ಅವರ ಮುಖದಲ್ಲಿ ಗೆದ್ದ ಕಳೆ. ಈಗ ಲೂಕನಿಗೆ ಹೊಸ ಹಾಳೆ ತಂದಿದ್ದೇನೆ. ಹಸಿರು ಪೆನ್ಸಿಲ್ ಅವರೇ ಇಟ್ಟುಕೊಂಡಿದ್ದಾರೆ.