ಗಂಟೆಗೆ 2 ಡಾಲರ್ 13 ಸೆಂಟ್: ಟಿಪ್ಸ್, ಕಮಿಷನ್ ಕೆಲಸಕ್ಕೆ ಸೇರುವವರಿಗೆ

ಟೆಕ್ಸಾಸ್‌ಗೆ ಹೊಸದಾಗಿ ಬಂದು ರೆಸ್ಟೋರೆಂಟಿನಲ್ಲಿ ಕೆಲಸಕ್ಕೆ ಸೇರಿದವರು ಮೊದಲ ಚೆಕ್ಕು ಕೈಗೆ ಬಂದ ದಿನ ನನಗೆ ಫೋನ್ ಮಾಡುತ್ತಾರೆ. "ಅಕ್ಕಾ, ಗಂಟೆಗೆ ಎರಡು ಡಾಲರ್ ಚಿಲ್ಲರೆ ಹಾಕಿದ್ದಾರೆ. ಇದು ಮೋಸ ಅಲ್ವಾ?"

ಅಷ್ಟಕ್ಕೇ ಮೋಸ ಅನ್ನೋಕೆ ಆಗಲ್ಲ. ಆದರೆ ಮೋಸ ನುಸುಳೋಕೆ ಈ ಲೆಕ್ಕದಲ್ಲಿ ಬೇಕಾದಷ್ಟು ಸಂದು ಇದೆ. ಹಾಗಾಗಿ ಲೆಕ್ಕ ನಿಮಗೇ ಬರಬೇಕು.

ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. 2009ರಿಂದ ಇಷ್ಟೇ ಇದೆ. ತಿಂಗಳಿಗೆ 30 ಡಾಲರಿಗಿಂತ ಜಾಸ್ತಿ ಟಿಪ್ಸ್ ಸಿಗುವ ಕೆಲಸವಾದರೆ ಮಾಲೀಕರು ತಮ್ಮ ಕೈಯಿಂದ 2.13 ಡಾಲರ್ ಕೊಟ್ಟರೆ ಸಾಕು. ಈ 2.13 ಅಂತೂ 1991ರಿಂದ ಅಲ್ಲಾಡಿಲ್ಲ. ಉಳಿದ 5.12 ಡಾಲರ್ ಗಿರಾಕಿಗಳ ಟಿಪ್ಸ್‌ನಿಂದ ಬಂತು ಅಂತ ಲೆಕ್ಕ ಹಿಡಿಯುತ್ತಾರೆ. ಇದನ್ನೇ ಟಿಪ್ ಕ್ರೆಡಿಟ್ ಅನ್ನೋದು. ಟಿಪ್ಸ್ ಅಷ್ಟು ಬರದಿದ್ದರೆ ಕೊರತೆಯನ್ನು ಮಾಲೀಕರೇ ತುಂಬಿಕೊಡಬೇಕು. ಟೆಕ್ಸಾಸ್‌ನಲ್ಲಿ ಇದೇ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಟಿಪ್ ಕ್ರೆಡಿಟ್ ಅನ್ನೋದೇ ಇಲ್ಲ. ಅಲ್ಲಿ ರಾಜ್ಯದ ಪೂರ್ತಿ ಕನಿಷ್ಠ ಕೂಲಿ ಕೊಟ್ಟು, ಅದರ ಮೇಲೆ ಟಿಪ್ಸ್. ಆದ್ದರಿಂದ ಅಲ್ಲಿನ ಸನ್ನಿವೇಲ್‌ನಲ್ಲಿರುವ ನಿಮ್ಮ ಚಿಕ್ಕಪ್ಪನ ಮಗ ಹೇಳಿದ ಲೆಕ್ಕ ಇಲ್ಲಿ ನಡೆಯಲ್ಲ.

ನನ್ನದೇ ಕಥೆ ಹೇಳಿಬಿಡುತ್ತೇನೆ. 2016ರಲ್ಲಿ ಎಚ್-4 ವೀಸಾದವರಿಗೆ (ಎಚ್-1ಬಿ ವೀಸಾದಲ್ಲಿ ಕೆಲಸಕ್ಕೆ ಬಂದವರ ಹೆಂಡತಿ ಅಥವಾ ಗಂಡನಿಗೆ) ಸಿಗುವ ಕೆಲಸದ ಪರವಾನಗಿ ಬಂತು. ಡಲ್ಲಾಸ್ ಪಕ್ಕದ ಒಂದು ಇಂಡಿಯನ್ ರೆಸ್ಟೋರೆಂಟಿಗೆ ಸೇರಿದೆ. ಹೆಸರು ಬೇಡ. ಊರಲ್ಲಿ ಅಮ್ಮ ಕ್ಯಾಲೆಂಡರ್ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದರು. ಅದೇ ಅಭ್ಯಾಸದಲ್ಲಿ ನಾನೂ ಅಡುಗೆಮನೆ ಕ್ಯಾಲೆಂಡರ್ ಮೇಲೆ ದಿನಾ ಬರೆದಿಟ್ಟೆ: ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಬಿಟ್ಟೆ, ಕೈಗೆ ಬಂದ ಟಿಪ್ಸ್ ಎಷ್ಟು, ಕಾರ್ಡಿನಲ್ಲಿ ಎಷ್ಟು.

ದೀಪಾವಳಿ ವಾರ 30 ಗಂಟೆ ಕೆಲಸ, 310 ಡಾಲರ್ ಟಿಪ್ಸ್. ಖುಷಿಯೋ ಖುಷಿ. ಮರುವಾರ ಅಷ್ಟೇ ಗಂಟೆ, ಟೇಬಲ್‌ಗಳು ಖಾಲಿ, ಟಿಪ್ಸ್ ಬರೀ 110. ಎರಡನೇ ವಾರದ ಲೆಕ್ಕ ನೋಡಿ. 30 ಗಂಟೆಗೆ 2.13ರಂತೆ 63.90 ಡಾಲರ್, ಟಿಪ್ಸ್ ಸೇರಿ 173.90. ಕನಿಷ್ಠ ಕೂಲಿ ಲೆಕ್ಕದಲ್ಲಿ 217.50 ಆಗಬೇಕಿತ್ತು. 43.60 ಕಮ್ಮಿ. ಮಾಲೀಕರನ್ನು ಕೇಳಿದರೆ "ಎರಡು ವಾರಕ್ಕೆ ಒಂದು ಚೆಕ್ಕು, ಎರಡೂ ಕೂಡಿಸಿ ನೋಡಮ್ಮ, ಜಾಸ್ತಿನೇ ಆಗಿದೆಯಲ್ಲ" ಅಂದರು. ಕೂಡಿಸಿದರೆ ಆಗಿತ್ತು ನಿಜ. ನಾನು ಸುಮ್ನಾದೆ. ಕಾನೂನು ಹಾಗೆ ಕೂಡಿಸೋಕೆ ಬಿಡಲ್ಲ ಅಂತ ಆಮೇಲೆ ತಿಳಿಯಿತು. ಚೆಕ್ಕು ಯಾವಾಗಲಾದರೂ ಬರಲಿ, ಲೆಕ್ಕ ವಾರವಾರಕ್ಕೆ ಬೇರೆ. ಒಳ್ಳೆ ವಾರದ ಟಿಪ್ಸ್ ಎಳೆದು ಕೆಟ್ಟ ವಾರದ ತೂತು ಮುಚ್ಚುವ ಹಾಗಿಲ್ಲ.

ಡಿಸೆಂಬರ್‌ನಲ್ಲಿ ಒಂದು ವಾರ 46 ಗಂಟೆ ದುಡಿದೆ. 40 ದಾಟಿದ ಗಂಟೆಗಳಿಗೆ ಒಂದೂವರೆ ಪಟ್ಟು ಕೊಡಬೇಕು. ಸಂಬಳದ ಚೀಟಿಯಲ್ಲಿ ಓವರ್‌ಟೈಮ್‌ಗೆ 3.20 ಅಂತ ಇತ್ತು, ಅಂದರೆ 2.13ರ ಒಂದೂವರೆ ಪಟ್ಟು. ನೂರಕ್ಕೆ ತೊಂಬತ್ತು ಜನ ಇದನ್ನು ನೋಡಿ ಸರಿಯಾಗೇ ಇದೆ ಅಂದುಕೊಳ್ಳುತ್ತಾರೆ. ಇಲ್ಲ. ಒಂದೂವರೆ ಪಟ್ಟು ಹಾಕಬೇಕಾದ್ದು 7.25ಕ್ಕೆ. ಅದು 10.88 ಆಗುತ್ತದೆ, ಅದರಿಂದ 5.12 ಕಳೆದರೆ 5.76. ಆರು ಗಂಟೆಗೆ 15 ಡಾಲರ್ ಚಿಲ್ಲರೆ ವ್ಯತ್ಯಾಸ. ಬಿಲ್ಲಿನ ಹಿಂದೆ ಬರೆದು ತೋರಿಸಿದೆ, ಮುಂದಿನ ಚೆಕ್ಕಿನಲ್ಲಿ ಬಂತು. ಬೇಕಂತ ಮಾಡಿದರೋ, ಅವರಿಗೂ ಗೊತ್ತಿರಲಿಲ್ಲವೋ, ದೇವರೇ ಬಲ್ಲ. ಆ 43.60 ಮಾತ್ರ ಇವತ್ತಿಗೂ ಬಂದಿಲ್ಲ.

ಟಿಪ್ಸ್ ಹಂಚಿಕೆಯಲ್ಲಿ ಇನ್ನೊಂದು ತರಲೆ. "ನಾವೆಲ್ಲ ಒಂದೇ ಮನೆಯವರ ಥರ" ಅಂತ ಹೇಳಿ ಡಬ್ಬಿಯಲ್ಲಿ ತಮ್ಮದೂ ಒಂದು ಪಾಲು ಇಡುವ ಮಾಲೀಕರು ಇದ್ದಾರೆ. ಬಡಿಸುವವರು, ಟೇಬಲ್ ಒರೆಸುವವರು ತಮ್ಮೊಳಗೆ ಹಂಚಿಕೊಳ್ಳುವ ಪದ್ಧತಿ ಸರಿಯೇ. ಮಾಲೀಕರಾಗಲಿ ಮ್ಯಾನೇಜರ್ ಆಗಲಿ ನಿಮ್ಮ ಟಿಪ್ಸ್‌ನಲ್ಲಿ ಪಾಲು ತೆಗೆದುಕೊಳ್ಳುವ ಹಾಗಿಲ್ಲ. 2018ರ ತಿದ್ದುಪಡಿ ಇದನ್ನು ಖಡಾಖಂಡಿತ ಹೇಳಿದೆ. ನಿಮಗೆ 2.13 ಕೊಡುತ್ತಿದ್ದರೆ ಅಡುಗೆಯವರಿಗೂ ಅದರಲ್ಲಿ ಪಾಲು ಹಾಕುವಂತಿಲ್ಲ. ಒಡೆದ ತಟ್ಟೆಗೆ, ಬಿಲ್ ಕೊಡದೆ ಎದ್ದುಹೋದ ಗಿರಾಕಿಗೆ ನಿಮ್ಮ ಸಂಬಳದಿಂದ ಮುರಿದುಕೊಳ್ಳುವುದೂ ತಪ್ಪು. ಕಾರ್ಡಿನ ಟಿಪ್ಸ್‌ನಲ್ಲಿ ಕಾರ್ಡ್ ಕಂಪನಿಯ ಶುಲ್ಕದಷ್ಟು ಕಳೆಯುವುದಕ್ಕೆ ಮಾತ್ರ ಕೇಂದ್ರ ಕಾನೂನು ಅಡ್ಡಿ ಮಾಡಲ್ಲ.

ಆರು ಜನರ ಮೇಲಿನ ಟೇಬಲ್‌ಗೆ ಬಿಲ್ಲಿನಲ್ಲೇ 18% ಹಾಕಿರುತ್ತಾರಲ್ಲ, ಅದು ಟಿಪ್ಸ್ ಅಂದುಕೊಳ್ಳಬೇಡಿ. ಅದು ಸರ್ವಿಸ್ ಚಾರ್ಜ್, ಮಾಲೀಕರ ಆದಾಯ. ನಿಮಗೆ ಕೊಟ್ಟರೆ ಸಂಬಳದ ಲೆಕ್ಕಕ್ಕೆ ಹೋಗುತ್ತದೆ. ಸೇರುವ ಮೊದಲೇ ಕೇಳಿಟ್ಟುಕೊಳ್ಳಿ.

ತೆರಿಗೆ ವಿಷಯ ಚುಟುಕಾಗಿ. ತಿಂಗಳಿಗೆ 20 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಟಿಪ್ಸ್ ಬಂದರೆ ಮುಂದಿನ ತಿಂಗಳ 10ರೊಳಗೆ ಮಾಲೀಕರಿಗೆ ತಿಳಿಸಬೇಕು, ನಗದನ್ನೂ ಸೇರಿಸಿ. ಟಿಪ್ಸ್ ಮೇಲಿನ ತೆರಿಗೆಯನ್ನೂ ಆ 2.13ರ ಸಂಬಳದಲ್ಲೇ ಹಿಡಿಯುವುದರಿಂದ ಕೆಲವು ಸಲ ಚೆಕ್ಕು ಹೆಚ್ಚುಕಮ್ಮಿ ಸೊನ್ನೆ. ಗಾಬರಿ ಬೀಳಬೇಡಿ. "ಟಿಪ್ಸ್‌ಗೆ ಈಗ ತೆರಿಗೆ ಇಲ್ಲವಂತೆ" ಅನ್ನುವ ಮಾತು ಅರ್ಧ ಸತ್ಯ. 2025ರ ಕಾನೂನಿನಂತೆ 2025ರಿಂದ 2028ರವರೆಗೆ ವರ್ಷಕ್ಕೆ 25,000 ಡಾಲರ್‌ವರೆಗಿನ ಟಿಪ್ಸನ್ನು ಕೇಂದ್ರದ ಆದಾಯ ತೆರಿಗೆಯ ಲೆಕ್ಕದಿಂದ ಕಳೆಯಬಹುದು. ಅದಕ್ಕೂ ಷರತ್ತುಗಳಿವೆ. ಸೋಷಿಯಲ್ ಸೆಕ್ಯುರಿಟಿ (ಸರ್ಕಾರಿ ಪಿಂಚಣಿ) ಮತ್ತು ವಯಸ್ಸಾದವರ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹೋಗುವ 7.65% ಎಂದಿನಂತೆ ಹೋಗುತ್ತದೆ. ನೀವು ತಿಳಿಸದೆ ಮುಚ್ಚಿಟ್ಟ ಟಿಪ್ಸ್ ನಾಳೆ ನಿಮ್ಮ ಸೋಷಿಯಲ್ ಸೆಕ್ಯುರಿಟಿ ಖಾತೆಯಲ್ಲೂ ಇರಲ್ಲ.

ಇನ್ನು ಕಮಿಷನ್. ಒಡವೆ ಅಂಗಡಿ, ಫರ್ನಿಚರ್ ಅಂಗಡಿ, ಕಾರು ಮಾರುವ ಕಡೆ ಇದು ಮಾಮೂಲು. "ಆರು ಪರ್ಸೆಂಟ್ ಕೊಡ್ತೀವಿ" ಅಂದಾಗ ನಾನಾದರೆ ಮೊದಲು ಕೇಳೋದು: ಯಾವುದರ ಮೇಲೆ ಆರು? ಮಾರಿದ ಬೆಲೆಯ ಮೇಲೋ, ರಿಯಾಯಿತಿ ಕಳೆದ ಮೇಲೋ, ಬರೀ ಲಾಭದ ಮೇಲೋ? 3,000 ಡಾಲರಿನ ಸೋಫಾಕ್ಕೆ ಬೆಲೆಯ ಮೇಲಾದರೆ 180. ಲಾಭ 1,000 ಇದ್ದು ಅದರ ಮೇಲಾದರೆ 60. ಆರ್ಡರ್ ಆದಾಗ ಕೊಡುತ್ತಾರೋ, ಮಾಲು ಮನೆಗೆ ತಲುಪಿದ ಮೇಲೋ? ಗಿರಾಕಿ ವಾಪಸ್ ಕೊಟ್ಟರೆ ಏನು? ನಾನು ಕೆಲಸ ಬಿಟ್ಟ ಮೇಲೆ ತಲುಪಿದ ಸೋಫಾದ ಕಮಿಷನ್ ಯಾರಿಗೆ? ಇದೆಲ್ಲ ಕಾಗದದ ಮೇಲೆ ಇರಬೇಕು. ಟೆಕ್ಸಾಸ್‌ನಲ್ಲಿ ಕಮಿಷನ್ ಯಾವಾಗ, ಎಷ್ಟು ಅನ್ನೋದು ಮಾಡಿಕೊಂಡ ಒಪ್ಪಂದದ ಮೇಲೇ ನಿಂತಿದೆ.

ಡ್ರಾ ಅನ್ನುವ ಪದವೂ ಕಿವಿಗೆ ಬೀಳುತ್ತದೆ. ಅದು ಮುಂಗಡ, ಸಂಬಳ ಅಂತ ತಿಳಿಯಬೇಡಿ. ವಾರಕ್ಕೆ 500 ಡ್ರಾ ಅಂತಿಟ್ಟುಕೊಳ್ಳಿ. ಈ ವಾರ 6,000 ಡಾಲರ್ ಮಾಲು ಮಾರಿದಿರಿ, ಆರು ಪರ್ಸೆಂಟ್ ಅಂದರೆ 360. ಕೈಗೆ 500 ಬಂತು, 140 ಸಾಲ ನಿಂತಿತು. ಮುಂದಿನ ವಾರ 12,000 ಮಾರಿದರೆ 720, ಅದರಲ್ಲಿ 140 ಮುರಿದು 580 ಕೊಡುತ್ತಾರೆ. ಕೆಲಸ ಬಿಡುವಾಗ ಸಾಲ ಉಳಿದಿದ್ದರೆ ಏನು ಅಂತ ಸಹಿ ಹಾಕುವ ಮುಂಚೆಯೇ ಕೇಳಿ.

ಸ್ಟೂಡೆಂಟ್ ವೀಸಾದಲ್ಲಿ ಇರುವ ಮಕ್ಕಳಿಗೆ ಒಂದು ಮಾತು. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ "ಕ್ಯಾಶ್ ಕೊಡ್ತೀವಿ, ಬಾ" ಅಂದ ಕಡೆ ಹೋಗಬೇಡಿ. ವಾರಾಂತ್ಯದ ನೂರು ಡಾಲರಿಗೆ ವೀಸಾ ಕಳೆದುಕೊಂಡವರನ್ನು ನೋಡಿದ್ದೇನೆ.

ಲೆಕ್ಕ ತಪ್ಪಿದ್ದರೆ ಮೊದಲು ಮಾಲೀಕರಿಗೇ ತೋರಿಸಿ. ಬಗೆಹರಿಯದಿದ್ದರೆ ಸಂಬಳದ ದೂರು ನೋಡುವ ರಾಜ್ಯದ ಇಲಾಖೆಯಾದ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ ದೂರು ಕೊಡಬಹುದು. ಹಣ ಬರಬೇಕಿದ್ದ ದಿನದಿಂದ 180 ದಿನದೊಳಗೆ ಕೊಡಬೇಕು. ಕೇಂದ್ರದ ಕಾರ್ಮಿಕ ಇಲಾಖೆಯಲ್ಲಿ ಕೂಲಿ ವಿಷಯ ನೋಡುವ ವೇಜ್ ಅಂಡ್ ಅವರ್ ಡಿವಿಷನ್ನಿನ ನಂಬರು 1-866-487-9243. ಇಂಗ್ಲಿಷ್ ತಡವರಿಸಿದರೆ ದುಭಾಷಿ ಬೇಕು ಅಂತ ಕೇಳಿ. ಫೋನ್ ಮಾಡುವಾಗ ಕ್ಯಾಲೆಂಡರ್ ಎದುರಿಗೆ ಇಟ್ಟುಕೊಂಡಿರಿ, ತಾರೀಕು ಕೇಳುತ್ತಾರೆ.